ಊರಿಗೆಲ್ಲ ಕೂಗುವ ವರ್ನಾ

ವರ್ನಾ ಬಿಟ್ಸಿಲಿ ಬೆರಳು ತೋರಿಸಿ ಮಾತನಾಡಿದವಳಲ್ಲ. ಅಮೆರಿಕದ ಮೂಲನಿವಾಸಿಗಳಾದ ನಮ್ಮ ನವಾಹೋ ಸೀಮೆಯ ಹಿರಿಯರಂತೆ ತುಟಿ ಮುಂದೆ ಮಾಡಿಯೇ ದಿಕ್ಕು, ಮನುಷ್ಯ, ತಪ್ಪು ಎಲ್ಲವನ್ನೂ ತೋರಿಸುವವಳು. ಆ ತುಟಿ ತೆರೆಯಿತೋ, ಸಭಾಭವನದ ಕಿಟಕಿ ಗಾಜು ಅದುರಬೇಕು, ಅಂಥ ಕಂಠ. ಸೀಮೆಯ ಪೊಲೀಸ್ ಅಧಿಕಾರಿಯಾದ ಆಕೆ, ಜಿಪ್ಪು ಕೆಟ್ಟ ತನ್ನ ಪೊಲೀಸ್ ಕೋಟನ್ನು ಬೇಸಿಗೆಯಲ್ಲೂ ಬಿಡದೆ, ದಾಪುಗಾಲು ಹಾಕುತ್ತ ಊರೂರ ಸಭೆಗೆ ಹೋಗಿ, ಮಗು ಕಾಣೆಯಾದ ಕ್ಷಣವೇ ಸೀಮೆಯ ಫೋನುಗಳೆಲ್ಲ ಒಟ್ಟಿಗೆ ಚೀರುವಂಥ ವ್ಯವಸ್ಥೆ ನಮಗೂ ಬೇಕೆಂದು ವಾದಿಸಿದಳು. ನಮ್ಮ ಸುತ್ತಲಿನ ಅಮೆರಿಕದ ರಾಜ್ಯಗಳಿಗೆ ಅದು ಎಂದೋ ಬಂದಿತ್ತು; ನಾವು ಮಾತ್ರ ನಮ್ಮ ಮಕ್ಕಳಿಗಾಗಿ ರಾಜ್ಯದ ಅಧಿಕಾರಿಗಳ ಮುಂದೆ ಕೈಯೊಡ್ಡಿ ನಿಲ್ಲಬೇಕಿತ್ತು.

"ನೀನು ಕೂಗಿದ್ರೇ ಸಾಕಲ್ಲೇ, ಆ ದುಡ್ಡಲ್ಲಿ ಕುರಿಗೆ ಮೇವು ತರೋಣ," ಎಂದು ಹಿರಿಯ ಎಮೆಟ್ ಛೇಡಿಸಿದ್ದ.

"ನಗು ತಾತ, ನಗು. ಮೊದಲು ಕೂಗ್ಬೇಕು, ಆಮೇಲೆ ವಿಚಾರಿಸ್ಬೇಕು. ತಿಳೀತಾ?"

ಈ "ತಿಳೀತಾ" ಇಲ್ಲದೆ ಆಕೆಯ ಮಾತು ಮುಗಿಯುತ್ತಿರಲಿಲ್ಲ. ಕೊನೆಗೆ ವಾಷಿಂಗ್ಟನ್ನಿನ ಅನುದಾನ ಬಂತು. ಸಂದೇಶ ಹೊರಡಿಸುವ ಅಧಿಕಾರ ವರ್ನಾಳ ಕೈಗೇ ಬಂತು.

ಆ ಮಧ್ಯಾಹ್ನ ಫೋನಿನಲ್ಲಿ ಅತ್ತವಳು ಅವಳ ತಮ್ಮ ಹಾರ್ಲನ್‌ನ ಹೆಂಡತಿ ಲಿಯೋಟಾ. "ಅಕ್ಕ, ನಿಮ್ಮ ತಮ್ಮ ಕುಡಿದು ಮಗೂನ ಗಾಡೀಲಿ ಎತ್ತಾಕ್ಕೊಂಡು ಹೋದ್ರು. ಸಂದೇಶ ಕಳ್ಸಿ ಅಕ್ಕ, ಈಗ್ಲೇ!"

"ಸ್ವಲ್ಪ ತಡಿಯೇ. ಅಮ್ಮನ ಮನೇಲಿರ್ಬಹುದು, ಕೇಳ್ತೀನಿ."

ತಮ್ಮನ ಹೆಸರು, ಅವನ ಗಾಡಿಯ ಬಣ್ಣ ಸೀಮೆಯ ಪ್ರತಿ ಅಂಗೈಯಲ್ಲೂ ಬೆಳಗುವುದನ್ನು ನೆನೆದು ಆಕೆಯ ಕೈ ಮುಂದಾಗಲಿಲ್ಲ. ತಾಯಿಯನ್ನು ಕೇಳಿದಳು, ಚಿಕ್ಕಮ್ಮಂದಿರನ್ನು ಕೇಳಿದಳು, ತಾಯಿಕುಲದ ನೆಂಟರನ್ನೆಲ್ಲ ಕೇಳಿದಳು; ನಮ್ಮಲ್ಲಿ ಮನೆಯ ಗುಟ್ಟು ಕುಲದೊಳಗೇ ತಿರುಗಬೇಕು, ಹೊರಬಿತ್ತೆಂದರೆ ಮಾನ ಹೋದಂತೆ. ಸಂಜೆಗೆ ಬೇರೆ ದಾರಿ ಕಾಣದೆ ಸಂದೇಶ ಕಳಿಸಿದಳು. ಕಳಿಸಿದ್ದೇ ತಡ, ಲಾರಿ ಚಾಲಕನೊಬ್ಬ ಹಳ್ಳಕ್ಕೆ ಆಗಷ್ಟೇ ಮಗುಚಿದ್ದ ಗಾಡಿಯನ್ನು ಗುರುತಿಸಿದ. ಮಧ್ಯಾಹ್ನವೆಲ್ಲ ಅದು ಹೆದ್ದಾರಿಯಲ್ಲೇ ಓಡಾಡಿತ್ತಂತೆ, ಪೆಟ್ರೋಲ್ ಬಂಕಿನಲ್ಲಿ ಎಷ್ಟೋ ಜನರ ಕಣ್ಣಿಗೆ ಬಿದ್ದಿತ್ತಂತೆ. ಮಗು ಶಾಂಡೀನ್ ಬದುಕಿತು. ಬಲಗಾಲು ಮಾತ್ರ ಮತ್ತೆ ನೆಟ್ಟಗಾಗಲಿಲ್ಲ.

ವರ್ನಾಳನ್ನು ಯಾರೂ ಬೈಯಲಿಲ್ಲ. ಕುರಿಮಾಂಸದ ಸಾರು, ಎಣ್ಣೆಯಲ್ಲಿ ಕರಿದ ರೊಟ್ಟಿ ತಂದಿಟ್ಟು ಹೋದರು. ನಾಚಿಕೆಯಿಂದ ಆಕೆಗೆ ಒಂದು ತುತ್ತೂ ಇಳಿಯಲಿಲ್ಲ. ಮುಂದಿನ ಸಭೆಯಲ್ಲಿ ಎದ್ದು, ತಲೆ ತಗ್ಗಿಸಿ, ನಡೆದದ್ದನ್ನೆಲ್ಲ ಹೇಳಿದಳು. ಹಿಂದಿನ ಸಾಲಿನಲ್ಲಿ ಮಗುವನ್ನು ತೊಡೆಯ ಮೇಲಿಟ್ಟು ಕೂತಿದ್ದ ಲಿಯೋಟಾ ಕೇಳಿದಳು:

"ಬೇರೆಯವರ ಮಗು ಆಗಿದ್ರೆ ಆಗ್ಲೇ ಕಳಿಸಿರ್ತಿದ್ರಿ, ಅಲ್ವಾ ಅಕ್ಕ?"

"ಹೌದು," ಎಂದಳು ವರ್ನಾ.

ನಮ್ಮಲ್ಲಿ ಯಾರಿಗೂ ತಲೆಯೆತ್ತಲಾಗಲಿಲ್ಲ. ಅವಳ ಜಾಗದಲ್ಲಿದ್ದಿದ್ದರೆ ನಾವೂ ಮೊದಲು ನೆಂಟರನ್ನೇ ಕೇಳುತ್ತಿದ್ದೆವು. ಪರರ ಮಕ್ಕಳಿಗಾಗಿ ಸರ್ಕಾರದೊಡನೆ ಸೆಣಸಬಲ್ಲ ಧೀರರು ಎಲ್ಲ ಊರುಗಳಲ್ಲೂ ಇರುತ್ತಾರೆ. ಸ್ವಂತ ಮನೆಯ ಕಳಂಕವನ್ನು ಲೋಕಕ್ಕೆ ಸಾರಬೇಕಾದ ಗಳಿಗೆಯಲ್ಲಿ ಅಂಥವರೂ ಅಂಜುತ್ತಾರೆ, ಮತ್ತು ಆ ಅಂಜಿಕೆಯ ಬೆಲೆ ತೆರುವುದು ಮನೆಯ ಅತಿ ಚಿಕ್ಕ ಜೀವ.