ಆಲ್ಫರ ಪಾಲಿನ ಹುಲ್ಲು

ಬಂಡೆಯ ಸುತ್ತಲಿನ ಹುಲ್ಲು ಆಲ್ಫರದು. ಬಂಡೆಯೊಳಗೆ ಅವರಿಗೆ ಮನೆಯಿದೆ, ಕೊಟ್ಟಿಗೆಯಿದೆ, ದನಕರುವಿದೆ. ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಆ ಹುಲ್ಲಿಗೆ ಕುಡುಗೋಲು ತಾಗಿಸಿದರೆ ಮನೆಯ ಹಸು ಉಳಿಯುವುದಿಲ್ಲ ಎಂಬುದು ಕಣಿವೆಗೆಲ್ಲ ಗೊತ್ತಿದ್ದ ಮಾತು.

ಆ ಬೇಸಿಗೆ ಮಳೆ ಹಿಡಿದು, ಮಿಕ್ಕ ಹುಲ್ಲೆಲ್ಲ ಕೊಯ್ದಲ್ಲೇ ಕೊಳೆಯಿತು. ಹಸುವನ್ನು ಚಳಿಗಾಲಕ್ಕೆ ಮೊದಲೇ ಕಡಿಯುವುದೆಂದು ಥೋರ್ಲಾಕ್ ಲೆಕ್ಕ ಹಾಕಿದ. ಇಂಗ್ವೆಲ್ದಾ ಗಂಡನ ಲೆಕ್ಕವನ್ನು ಪೂರ್ತಿ ಕೇಳಿದಳು. ಮನೆಯಲ್ಲಿ ಹಾಲು ಕುಡಿಯುವ ಮಕ್ಕಳು ಮೂವರು, ಹಸು ಒಂದೇ. ಮುಟ್ಟಿದರೂ ಸಾವು, ಬಿಟ್ಟರೂ ಸಾವು ಎಂದಮೇಲೆ ಸುಮ್ಮನೆ ಕೂರುವುದು ಅವಳಿಗೆ ಒಗ್ಗಲಿಲ್ಲ.

ಭಾನುವಾರ ಮನೆಗೆ ಬಂದ ಪಾದ್ರಿಯನ್ನು ಆಲ್ಫರು ಯಾರೆಂದು ವಿಚಾರಿಸಿದಳು. ದೇವರು ಮನೆಗೆ ಬಂದಾಗ ಮೊದಲ ಹೆಣ್ಣು ಹವ್ವಳು ಸ್ನಾನ ಮಾಡಿಸದ ಮಕ್ಕಳನ್ನು ಬಚ್ಚಿಟ್ಟಳಂತೆ; ನನ್ನಿಂದ ಮರೆಯಾದವರು ಮನುಷ್ಯರಿಗೂ ಮರೆಯಾಗಲಿ ಎಂದು ದೇವರು ಅಂದನಂತೆ; ಆಲ್ಫರು ಆ ಮಕ್ಕಳ ಸಂತತಿಯಂತೆ. ಮಾವ ಸ್ಟೈನ್‌ಗ್ರಿಮ್ ಇದನ್ನು ಕೇಳಿ ನಕ್ಕ. ಹವ್ವ ಹುಟ್ಟುವ ಮೊದಲೇ ಅವರಿದ್ದರು, ಹಳೆಯ ದೇವರುಗಳ ಪಕ್ಕದಲ್ಲೇ ವಾಸ. ಅವರಲ್ಲಿ ಮೇಲಿನವರು ಬಿಸಿಲಿಗಿಂತ ಬೆಳ್ಳಗೆ, ನೆಲದೊಳಗಿನವರು ಇದ್ದಿಲಿಗಿಂತ ಕಪ್ಪು ಎಂದ. ಇಬ್ಬರೂ ಒಲೆಯ ಮುಂದೆ ಸಂಜೆಯವರೆಗೆ ವಾದಿಸಿದರು.

"ಅವರೂ ಹಾಲು ಕುಡೀತಾರಾ?" ಎಂದಳು ಇಂಗ್ವೆಲ್ದಾ.

ಅದನ್ನು ಮಾತ್ರ ಇಬ್ಬರೂ ಒಪ್ಪಿದರು.

"ಅಲ್ಲ ಮಾವ, ಇಷ್ಟು ವರ್ಷದಲ್ಲಿ ಅವರ ಹುಲ್ಲನ್ನ ಯಾರಾದ್ರೂ ಕೊಯ್ದು, ಒಣಗಿಸಿ ಕೊಟ್ಟಿದಾರಾ? ಹಾಗೇ ಬಾಡಿಸಿ ಬಿಟ್ಟು, ಮರ್ಯಾದೆ ಅಂತೀರಿ."

ಮರುದಿನ ಮಳೆ ಬಿಡುವು ಕೊಟ್ಟಿತು. ಅವಳು ಬಂಡೆಯನ್ನು ಮೂರು ಸಲ ತಟ್ಟಿದಳು. ಕೊಯ್ಯುವ, ಒಣಗಿಸುವ ಕೆಲಸ ತನ್ನದು, ಹುಲ್ಲು ಅರ್ಧರ್ಧ. ಒಪ್ಪಿಗೆಯಿಲ್ಲದಿದ್ದರೆ ಇಬ್ಬನಿ ಆರುವುದರೊಳಗೆ ಹೇಳಿಬಿಡಿ ಎಂದಳು. ಇಬ್ಬನಿ ಆರಿತು. ಯಾರೂ ಏನೂ ಹೇಳಲಿಲ್ಲ. ಥೋರ್ಲಾಕ್ ದೂರ ನಿಂತು ಹಣೆ, ಎದೆ ಮುಟ್ಟಿಕೊಂಡು ಶಿಲುಬೆಯ ಗುರುತು ಮಾಡುತ್ತಿದ್ದಂತೆ ಅವಳು ಕೊಯ್ದಳು. ಒಣಗಿದ ಮೇಲೆ ಸರಿಯಾಗಿ ಅರ್ಧ ಹುಲ್ಲನ್ನು ಬಂಡೆಗೆ ಒರಗಿಸಿ ಒಟ್ಟಿ, ನೆನೆಯದಂತೆ ಮೇಲೆ ಬೇರುಮಣ್ಣು ಸಮೇತ ಕಡಿದ ಹುಲ್ಲುಹೆಂಟೆ ಹೊದಿಸಿದಳು.

ಹಸು ಉಳಿಯಿತು. ಆದರೆ ಈಸ್ಟರ್ ಕಳೆದರೂ ಹಿಮ ಕರಗಲಿಲ್ಲ. ಕೊಟ್ಟಿಗೆಯ ಹುಲ್ಲು ಮುಗಿಯಿತು. ಬಂಡೆಯ ಬಳಿಯ ಬಣವೆ ಹಾಗೇ ಇತ್ತು.

"ಅದನ್ನ ತಂದುಬಿಡೋಣ ಕಣೇ," ಎಂದ ಥೋರ್ಲಾಕ್. "ಅವರು ಮುಟ್ಟೇ ಇಲ್ಲವಲ್ಲ."

"ಕೊಟ್ಟಿದ್ದನ್ನ ತರೋದಿಲ್ಲ."

"ಕೊಯ್ಯುವಾಗ ಇಲ್ಲದ ಭಯ ಈಗ ಬಂತಾ?"

"ಭಯ ಅಲ್ಲ. ಮಾತು ಆಡಿದೀನಿ."

ಅವನು ಚೂರಿ ಮಸೆಯಲು ಕೂತ. ಅವಳು ಹಸುವಿನ ಬೆನ್ನಿಗೆ ಕಂಬಳಿ ಕಟ್ಟಿ, ಮೊಣಕಾಲುದ್ದ ಹಿಮದಲ್ಲಿ ಹೆಜ್ಜೆ ಹೆಜ್ಜೆಗೂ ದಾರಿ ತುಳಿದು ಬಂಡೆಯವರೆಗೆ ಎಳೆದೊಯ್ದಳು. ಆ ಕಣಿವೆಯಲ್ಲಿ ಹಿಮಕ್ಕೆ ಸಿಕ್ಕಿ ಬಾಗಿಲಿಗೆ ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದ ಮನೆಯಿಲ್ಲ. ಮೂರು ಸಲ ತಟ್ಟಿದಳು.

"ನೆಂಟರು ಬಂದಿದಾರೆ," ಎಂದಳು. "ನಾನಲ್ಲ, ಇವಳು."

ಬೆರಳು ಮರಗಟ್ಟುವಷ್ಟು ಹೊತ್ತು ಕಾದಳು. ಒಳಗಿನಿಂದ ಬೇಡವೆಂಬ ಮಾತು ಬರಲಿಲ್ಲ. ಹುಲ್ಲುಹೆಂಟೆ ಸರಿಸಿ ಹಗ್ಗ ಸಡಿಲ ಬಿಟ್ಟಳು. ಹಸುವಿಗೆ ಹೆಚ್ಚಿನ ಉಪಚಾರ ಬೇಕಾಗಲಿಲ್ಲ.

ಹೊಸ ಹುಲ್ಲು ಮೂಡುವವರೆಗೆ ಹಸು ದಿನಾ ನೆಂಟಸ್ತಿಕೆಗೆ ಹೋಗಿಬಂತು. ಎರಡನೆಯ ವಾರ ಕರೆದೊಯ್ದವನು ಥೋರ್ಲಾಕ್. ಬಂಡೆಯ ಮುಂದೆ ಟೋಪಿ ತೆಗೆದು, ಒಂದು ಬಟ್ಟಲು ಹಾಲಿಟ್ಟು, ಹೆಂಡತಿ ನೋಡಿದಳೇ ಎಂದು ಹಿಂದೆ ತಿರುಗಿದ.