ಡಬ್ಬಿಯೊಳಗಿನ ಜೇಡ

ನನ್ನ ಸೊಸೆಗೆ ಜೇಡ ನೋಡುವುದೇ ಕೆಲಸ, ಅದಕ್ಕೆ ಸಂಬಳ ಬೇರೆ. ಜೇಡ ಕಂಡರೆ ಪೊರಕೆ ಹುಡುಕುವವಳು ನಾನು. ಅವಳು ಮದುವೆಯಾಗಿ ಬಂದಾಗಿನಿಂದ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಮಾತೇನಿದ್ದರೂ ಮಗನ ಮೂಲಕ.

ಹೋದ ತಿಂಗಳು ಅವಳು ಗುಡ್ಡದ ಪೊದೆಯಿಂದ ಒಂದು ಜೇಡವನ್ನು ಗಾಜಿನ ಡಬ್ಬಿಯಲ್ಲಿ ಹಾಕಿಕೊಂಡು ಬಂದಳು. ಕಪ್ಪು ಮೈ, ಬೆನ್ನಿನ ಮೇಲೆ ಅರಿಸಿನ ಬಣ್ಣದ ಪಟ್ಟೆ. ಇಂಥದ್ದನ್ನು ಅವಳೂ ಕಂಡಿರಲಿಲ್ಲವಂತೆ. ಆದರೆ ಅದಿನ್ನೂ ಮರಿ. ಪೂರ್ತಿ ಬೆಳೆಯದೆ ಯಾವ ಜಾತಿಯೆಂದು ಹೇಳಲಾಗದಂತೆ. ಅಲ್ಲಿಯವರೆಗೆ ಅಡುಗೆಮನೆಯ ಕಪಾಟಿನ ಮೇಲೇ ಅದರ ವಾಸ. "ಈ ಮನೇಲಿ ಅದಿರ್ಬೇಕು, ಇಲ್ಲಾ ನಾನಿರ್ಬೇಕು" ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದೆ.

ಅದೂ ಇತ್ತು, ನಾನೂ ಇದ್ದೆ. ಸೊಸೆ ಕೆಲಸಕ್ಕೆ ಹೋದ ಮೇಲೆ ಕದ್ದು ಕದ್ದು ನೋಡುತ್ತಿದ್ದೆ. ಬರಬರುತ್ತಾ ನೊಣ ಹಿಡಿದು ಹಾಕುವುದನ್ನೂ ಕಲಿತೆ. ಅದು ನೊಣ ಮುಟ್ಟದೆ ಕೂತಾಗ ನನಗೂ ಊಟ ರುಚಿಸಲಿಲ್ಲ.

ಮಗ ಊರಲ್ಲಿಲ್ಲದ ಒಂದು ಮಧ್ಯಾಹ್ನ ನೋಡಿದರೆ ಡಬ್ಬಿಯ ತಳದಲ್ಲಿ ಅದು ಕಾಲು ಮುದುಡಿಕೊಂಡು ಬಿದ್ದಿತ್ತು. ಸತ್ತೇ ಹೋಯಿತಲ್ಲ! ಅಷ್ಟು ಕೂಗಾಡಿದವಳು ನಾನು. ನಾನೇ ಕೊಂದೆ ಎಂದಲ್ಲದೆ ಅವಳು ಇನ್ನೇನೆಂದುಕೊಂಡಾಳು? ಅದು ಸತ್ತದ್ದಕ್ಕೂ ಅಳು ಬಂತು. ಮೊದಲ ಸಲ ಸೊಸೆಗೆ ಫೋನ್ ಮಾಡಿದೆ.

"ನಿನ್ನ ಜೇಡ ಹೋಗ್ಬಿಡ್ತಮ್ಮಾ. ನಾನೇನೂ ಮಾಡ್ಲಿಲ್ಲ."

"ಅಳ್ಬೇಡಿ ಅತ್ತೆ. ಅದರ ಬೆನ್ನು ನೋಡಿ, ಬಿರುಕು ಬಿಟ್ಟಿದೆಯಾ?"

ಬಿರುಕೇನು, ಡಬ್ಬಿಯ ಮುಚ್ಚಳ ಎತ್ತಿದ ಹಾಗೆ ಬೆನ್ನು ತೆರೆದುಕೊಂಡಿತ್ತು. ಒಳಗೆ ಏನೂ ಇರಲಿಲ್ಲ.

"ಅದು ಬರೀ ಪೊರೆ. ಬೆಳೆಯೋವಾಗ ಕಳಚುತ್ತೆ. ಈಗ ಮೇಲ್ಗಡೆ ನೋಡಿ."

ಮೇಲೆ, ಎಳೆಯೊಂದನ್ನು ಹಿಡಿದು, ಮೊದಲಿಗಿಂತ ದೊಡ್ಡದಾಗಿ ತೂಗಾಡುತ್ತಿತ್ತು ನಮ್ಮ ಜೇಡ. ಹೋದ ಜೀವ ಬಂದಂತಾಯಿತು.

ಸಂಜೆ ಸೊಸೆ, ಅದೀಗ ಪೂರ್ತಿ ಬೆಳೆದಿದೆಯೆಂದು, ಸೂಕ್ಷ್ಮದರ್ಶಕವನ್ನು ಊಟದ ಮೇಜಿನ ಮೇಲಿಟ್ಟು ಜೇಡವನ್ನು ಬಹಳ ಹೊತ್ತು ನೋಡಿದಳು. ಪುಸ್ತಕಗಳನ್ನೆಲ್ಲ ತಿರುವಿ ಹಾಕಿದಳು.

"ಯಾವುದಕ್ಕೂ ಹೊಂದ್ತಿಲ್ಲ ಅತ್ತೆ. ಹೊಸ ಜಾತೀನೇ ಇರಬಹುದು. ಇನ್ನೊಂದೆರಡು ಸಿಕ್ಕಿದ್ರೆ ಗಟ್ಟಿಯಾಗಿ ಹೇಳ್ಬಹುದು."

ನನ್ನ ತಲೆಯಲ್ಲಿ ಬೇರೆಯದೇ ಕೊರೆಯುತ್ತಿತ್ತು. "ನಾನೇ ಕೊಂದೆ ಅಂತ ಅನ್ನಿಸ್ಲಿಲ್ವಾ ನಿನಗೆ?"

"ಕೊಂದೋರು ಹಾಗೆ ಬಿಕ್ಕಿ ಬಿಕ್ಕಿ ಅಳ್ತಾರಾ?" ಎಂದು ನಕ್ಕಳು.

ನನಗೂ ನಗು ಬಂತು, ಅದರ ಹಿಂದೆಯೇ ನಾಚಿಕೆ. ಇಷ್ಟು ಒಳ್ಳೆಯ ಹುಡುಗಿಯ ಜೊತೆ ಇಷ್ಟು ದಿನ ಮುಖ ಊದಿಸಿಕೊಂಡಿದ್ದೆನಲ್ಲ!

"ನಾಳೆ ಗುಡ್ಡಕ್ಕೆ ಹೋಗೋಣ" ಎಂದೆ. "ನೀನು ಹುಡುಕು, ಡಬ್ಬಿ ನಾನು ಹಿಡ್ಕೊಳ್ತೀನಿ."