ತುಪ್ಪ ಬಿದ್ದ ತಟ್ಟೆ

"ಇಡೋ ತಟ್ಟೆನ ಕೆಳಗೆ! ಉಣ್ಣೋರ ಮುಂದಿನ ಎಲೆ ಎತ್ತೋದು ಯಾವೂರ ಪದ್ಧತಿನೋ?"

ನಾನು ಎದ್ದು ನಿಂತು ಕೂಗಿದೆ. ಕುತ್ತಿಗೆಗೆ ಚಿಟ್ಟೆಯಂಥ ಕಪ್ಪು ಬಟ್ಟೆ ಕಟ್ಟಿಕೊಂಡಿದ್ದ ಮಾಣಿ ತಟ್ಟೆ ಹಿಡಿದುಕೊಂಡೇ ನಿಂತ. ಒಳಗೆ ಒಯ್ಯಲೂ ಇಲ್ಲ, ಕೆಳಗೆ ಇಡಲೂ ಇಲ್ಲ.

"ಅವರದು ಮುಗಿದಿತ್ತಲ್ಲ ಮೇಡಂ," ಎಂದ.

"ಯಾರೋ ಹೇಳಿದ್ದು ಮುಗೀತು ಅಂತ? ಒಂದೇ ಒಂದು ತುತ್ತು ತಿಂದವ್ರೆ. ಬಾಯಾಗಿಂದು ಇನ್ನೂ ಬಾಯಾಗೇ ಐತೆ. ಕಣ್ಣು ಬಿಟ್ಟು ನೋಡು!"

ಉಚ್ಚಂಗೆಮ್ಮ ನಿಜವಾಗಿಯೂ ತುತ್ತನ್ನು ಬಾಯಲ್ಲಿಟ್ಟುಕೊಂಡೇ ಕೂತಿದ್ದರು. ಅಗಿಯುವುದೋ ಬಿಡುವುದೋ ತಿಳಿಯದೆ ಅವರ ಒಂದು ಕೆನ್ನೆ ಉಬ್ಬಿತ್ತು. ಬಲಗೈ ತಟ್ಟೆ ಇದ್ದ ಜಾಗದ ಮೇಲೆ ಹಾಗೇ ನಿಂತಿತ್ತು.

"ಮುದ್ದಕ್ಕ, ಕುಂತ್ಕಳ್ರಿ. ಜನ ನೋಡ್ತಾವ್ರೆ," ಎಂದು ಮೂರ್ತಪ್ಪ ಹಲ್ಲು ಕಚ್ಚಿಕೊಂಡು ಹೇಳಿದ.

"ನೋಡ್ಲಿ ಬಿಡು. ಅದು ನಿಮ್ಮವ್ವನ ತಟ್ಟೆ ಕಣಪ್ಪ. ನಾನು ಕೂಗ್ಬೇಕೋ, ನೀನು ಕೂಗ್ಬೇಕೋ?"

ಮೂರ್ತಪ್ಪ ಕೂಗಲಿಲ್ಲ. ಮಾಣಿಯ ಕಡೆ ಕಣ್ಣಲ್ಲೇ ಏನೋ ಹೇಳಿದ. ಆ ಮಾಣಿ ಬಾಗಿಲಿನ ಆಚೆ ಹೋಗಿಬಿಟ್ಟ. ತಟ್ಟೆಯೂ ಹೋಯಿತು.

ಒಂದು ತಟ್ಟೆಗೆ ಇಷ್ಟು ಸಿಟ್ಟೇ ಎಂದು ಕೇಳಿದರೆ ಕೇಳಿ. ಆ ತಟ್ಟೆಯಲ್ಲಿ ನನ್ನ ತಮ್ಮನ ಮಗಳ ಮದುವೆ ಇತ್ತು.

ನನ್ನ ತಮ್ಮ ದಾಸಣ್ಣ ಹಿರೇಗುಂಟನೂರಿನಲ್ಲಿ ಬೇಸಾಯ ಮಾಡಿಕೊಂಡಿದ್ದಾನೆ. ಬಾಯಿಲ್ಲದವನು. ಅವನ ಹೆಂಡತಿ ತೀರಿಕೊಂಡಾಗ ಮಗಳು ಚಂದ್ರಕ್ಕನಿಗೆ ಇನ್ನೂ ಹಾಲುಹಲ್ಲು. ಗಂಡ ಸತ್ತು ತವರಿಗೆ ಬಂದಿದ್ದ ನಾನೇ ಅವಳನ್ನು ಸಾಕಿದೆ. ತಾಳ್ಯದ ಉಚ್ಚಂಗೆಮ್ಮ ದೀಪಾವಳಿ ಕಳೆದ ಮೇಲೆ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ನಮ್ಮ ಮನೆಗೆ ಹೆಣ್ಣು ನೋಡಲು ಬಂದಿದ್ದರು. ಹಿರಿಯವನು ಮೂರ್ತಪ್ಪ, ದುರ್ಗದ ಕರೆಂಟಾಫೀಸಿನಲ್ಲಿ ಕೆಲಸ. ಕಿರಿಯವನು ಜಂಪಣ್ಣ, ಹಿರಿಯೂರಿನ ಹತ್ತಿರ ಮೇಷ್ಟ್ರು, ಅವನೇ ವರ. ಮಂಡಕ್ಕಿ ತಿಂದರು, ಕಾಫಿ ಕುಡಿದರು, ಹೇಳಿ ಕಳಿಸುತ್ತೇವೆ ಎಂದು ಎದ್ದರು. ಚಂದ್ರಿಗೆ ಹುಡುಗ ಹಿಡಿಸಿದ್ದ. ನನಗೆ ಅವಳು ಹೇಳಲಿಲ್ಲ. ಆದರೆ ಅವತ್ತಿನಿಂದ ಹಟ್ಟಿಯ ಕುರಿಮರಿಗಳ ಹತ್ತಿರವೂ ನಗುತ್ತಾ ಮಾತಾಡುತ್ತಿದ್ದಳು. ಅಷ್ಟು ಸಾಕಲ್ಲ.

ನಮ್ಮ ಕಡೆ ಹೆಣ್ಣು ನೋಡುವ ದಿನ ಊಟ ಮಾಡುವುದಿಲ್ಲ. ಹುಡುಗಿ ಹಿಡಿಸಿದರೆ ಇನ್ನೊಂದು ದಿನ ಬರುತ್ತಾರೆ. ಆವತ್ತು ಎಲೆ ಹಾಕುತ್ತೇವೆ. ಹುಡುಗಿಯ ಕಡೆಯ ಹಿರಿಯಳು ಹುಡುಗನ ತಾಯಿಯ ಎಲೆಗೆ ತುಪ್ಪ ಬಡಿಸುತ್ತಾಳೆ. ಆ ತುಪ್ಪ ಕಲಸಿದ ತುತ್ತು ಬಾಯಿಗೆ ಹೋದರೆ ಮಾತು ಆದಂತೆ. ಉಣ್ಣದೆ ಎದ್ದರೆ ಇಲ್ಲವೆಂದಂತೆ. ಒಪ್ಪಿಗೆಯಾ ಅಲ್ಲವಾ ಎಂದು ಬಾಯಿ ಬಿಟ್ಟು ಕೇಳುವ ಕಷ್ಟ ಯಾರಿಗೂ ಇಲ್ಲ.

ಹೀಗಿರುವಾಗ ಮೂರ್ತಪ್ಪ ಹೇಳಿ ಕಳಿಸಿದ: "ನಾವು ಊರಿಗೆ ಬರೋದು ಬ್ಯಾಡ, ನೀವೇ ದುರ್ಗಕ್ಕೆ ಬರ್ರಿ. ಒಳ್ಳೆ ಕಡೆ ಊಟ ಹಾಕಿಸ್ತೀನಿ, ಅಲ್ಲೇ ಮಾತಾಡಾಣ." ಅಲ್ಲಿಂದಲೇ ನನ್ನ ತಲೆ ಕೆಟ್ಟಿತು. ಹುಡುಗನ ಕಡೆಯವರು ಊಟ ಹಾಕಿಸಿದರೆ ಒಪ್ಪಬೇಕಾದವರು ಅವರೋ ನಾವೋ? ದಾಸಣ್ಣನನ್ನು ಕೇಳಿದೆ. "ಕರ್ದವ್ರೆ, ಹೋಗಾಣ ಬಾರಕ್ಕ," ಎಂದ. ಅವನನ್ನು ಕೇಳಿದ್ದು ನನ್ನ ತಪ್ಪು. ಇರಲಿ ಎಂದು ಚಿಕ್ಕ ಹಿತ್ತಾಳೆ ಡಬ್ಬಿಯಲ್ಲಿ ತುಪ್ಪ ತುಂಬಿ ಚೀಲದಲ್ಲಿಟ್ಟುಕೊಂಡೆ.

ಆ ಹೋಟೆಲಿನ ಹೆಸರು ಪ್ಯಾರಿಸ್ ಗಾರ್ಡನ್. ತೋಟ ಅಂತ ಏನೂ ಇಲ್ಲ, ಬಾಗಿಲಲ್ಲಿ ಕುಂಡದೊಳಗೆ ಒಂದು ಪಾಪಾಸುಕಳ್ಳಿ. ನಮ್ಮೂರ ಬೇಲಿಯಲ್ಲಿ ಬೇಕಾದಷ್ಟಿದೆ ಅದು. ಹಡಗಿನಲ್ಲಿ ಅಡಿಗೆ ಮಾಡಿಕೊಂಡಿದ್ದ ಒಬ್ಬ ಮನುಷ್ಯ ಬೆಂಗಳೂರು ರಸ್ತೆಯ ಕಾರಿನವರಿಗಾಗಿ ಅದನ್ನು ತೆರೆದಿದ್ದನಂತೆ. ಹೊರಗೆ ಉರಿಬಿಸಿಲು. ಒಳಗೆ ಕಾಲಿಟ್ಟರೆ ಕತ್ತಲು. ಕಿಟಕಿಗೆಲ್ಲ ದಪ್ಪ ಪರದೆ, ಮೇಜಿನ ಮೇಲೆ ಸೀಸೆಯ ಬಾಯಿಗೆ ಸಿಕ್ಕಿಸಿದ ಮೇಣದ ಬತ್ತಿ. ಎಲ್ಲಿಂದಲೋ ಹಾಡಿಲ್ಲದ ಬರೀ ವಾದ್ಯ.

"ಏನಪ್ಪ ಮೂರ್ತಪ್ಪ, ಕರೆಂಟಾಫೀಸಿನೋನು ನೀನು, ದೀಪ ಇಲ್ಲದ ಕಡೆ ಕರ್ಕಂಡ್ ಬಂದೀಯಲ್ಲ?" ಎಂದೆ.

ಉಚ್ಚಂಗೆಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಮೂರ್ತಪ್ಪ ನಗಲಿಲ್ಲ. "ಇದು ಯುರೋಪಿನ ಸ್ಟೈಲು ಮುದ್ದಕ್ಕ. ನಮ್ಮ ದೊಡ್ಡ ಸಾಹೇಬ್ರು ಇಲ್ಲೇ ಊಟ ಮಾಡೋದು," ಎಂದ.

ಮೊದಲು ಅಗಲ ಬಟ್ಟಲಲ್ಲಿ ಬೆಳ್ಳಗಿನ ಸಾರು ಬಂತು. ಜೊತೆಗೆ ಮುಷ್ಟಿಯಷ್ಟು ಒಂದು ಬನ್ನು. ಅನ್ನ ಇಲ್ಲ, ಮುದ್ದೆ ಇಲ್ಲ. ದಾಸಣ್ಣ ನನ್ನ ಕಿವಿಯಲ್ಲಿ, "ಯಕ್ಕ, ಅನ್ನ ಹಿಂದಿಂದ ಬರ್ತೈತಾ?" ಎಂದ. ನನಗೇನು ಗೊತ್ತು? ಚಮಚ ಹೇಗೆ ಹಿಡಿಯಬೇಕೆಂದು ದಾಸಣ್ಣ ನನ್ನ ಕೈ ನೋಡುತ್ತಿದ್ದ. ನಾನು ಉಚ್ಚಂಗೆಮ್ಮನ ಕೈ ನೋಡುತ್ತಿದ್ದೆ. ಅವರು ಜಂಪಣ್ಣನ ಕೈ, ಜಂಪಣ್ಣ ಅಣ್ಣನ ಕೈ. ಮೂರ್ತಪ್ಪ ಕಳ್ಳಗಣ್ಣಲ್ಲಿ ಪಕ್ಕದ ಮೇಜಿನ ಸೂಟುಬೂಟಿನವನ ಕೈ ನೋಡುತ್ತಿದ್ದ. ಚಂದ್ರಿ ಒಬ್ಬಳೇ ಯಾರನ್ನೂ ನೋಡದೆ ಸುಮ್ಮನೆ ಕುಡಿದಳು.

ಉಚ್ಚಂಗೆಮ್ಮ ಸಾರು ಹೀರಿದಾಗ ಸದ್ದಾಯಿತು. ಮೂರ್ತಪ್ಪ ಮೊಣಕೈಯಿಂದ ತಿವಿದ. "ಅಮ್ಮ, ಸೊರ್ ಅನ್ನಿಸ್ಬ್ಯಾಡ." ಅವರು ಚಮಚ ಇಟ್ಟುಬಿಟ್ಟರು. ಮತ್ತೆ ಮುಟ್ಟಲಿಲ್ಲ. ಉಣ್ಣದೆ ಬಿಟ್ಟರೆ ಇಲ್ಲವೆಂದಂತೆ ತಾನೆ? ಆದರೆ ಸಾರು ಊಟದ ಲೆಕ್ಕಕ್ಕೆ ಬರುತ್ತದೋ ಇಲ್ಲವೋ? ಕಾಫಿಯ ಲೆಕ್ಕಕ್ಕೆ ಬಂದರೆ ತೊಂದರೆಯಿಲ್ಲ.

ನಾನೇ ಬಾಯಿ ತೆಗೆದೆ. "ಮತ್ತೆ ನಮ್ಮ ಮಾತು?"

"ಮೊದ್ಲು ಊಟ ಆಗ್ಲಿ ಮುದ್ದಕ್ಕ. ಮಾತು ಆಮ್ಯಾಕೆ," ಎಂದ ಮೂರ್ತಪ್ಪ.

"ನಮ್ಮಲ್ಲಿ ಊಟನೇ ಮಾತಲ್ವೇನಪ್ಪ?"

"ಇದು ಹೋಟ್ಲು. ಇಲ್ಲಿ ಊಟ ಬರೀ ಊಟ."

ನನಗೆ ಇನ್ನಷ್ಟು ಗೊಂದಲವಾಯಿತು. ಊಟ ಬರೀ ಊಟವಾದರೆ ಅಷ್ಟು ದೂರದಿಂದ ಬಸ್ಸು ಹತ್ತಿ ಬಂದದ್ದೇಕೆ? ಜಂಪಣ್ಣನ ಮುಖ ನೋಡಿದೆ. ಒಳ್ಳೆಯ ಮುಖ. ಅವನು ಅಣ್ಣನ ಮುಖ ನೋಡುತ್ತಿದ್ದ.

ಆಮೇಲೆ ದೊಡ್ಡ ಬಿಳಿ ತಟ್ಟೆಗಳು ಬಂದವು. ಒಂದೊಂದರಲ್ಲೂ ಖಾರ ಕಾಣದ ಕೋಳಿ, ಬೇಯಿಸಿ ಹಿಸುಕಿದ ಆಲೂಗಡ್ಡೆ, ನಾಲ್ಕು ಬಟಾಣಿ. ಎಡಕ್ಕೊಂದು ಮುಳ್ಳುಚಮಚ, ಬಲಕ್ಕೊಂದು ಚಾಕು. ಊಟ ಎಂದರೆ ಇದೇ ಇರಬೇಕು ಎಂದು ಧೈರ್ಯ ಮಾಡಿದೆ. ಚೀಲದಿಂದ ಡಬ್ಬಿ ತೆಗೆದು ಉಚ್ಚಂಗೆಮ್ಮನ ಪಕ್ಕಕ್ಕೆ ಹೋದೆ.

"ಅಕ್ಕ, ನಮ್ಮನೇದು. ಕಾಸಿ ತಂದೀನಿ. ಉಣ್ರಿ," ಎಂದು ಆ ಆಲೂಗಡ್ಡೆಯ ಮೇಲೆ ತುಪ್ಪ ಸುರಿದೆ.

"ಇದೆಲ್ಲ ಇಲ್ಲಿ..." ಎಂದು ಮೂರ್ತಪ್ಪ ಶುರು ಮಾಡಿದ. ಉಚ್ಚಂಗೆಮ್ಮ ಅವನ ಕಡೆ ತಿರುಗಲಿಲ್ಲ. ತುಪ್ಪದ ವಾಸನೆಗೆ ಅವರ ಮುಖ ಅರಳಿತು. ಎದುರಿಗೆ ಕೂತ ಚಂದ್ರಿಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಆ ಚಾಕು, ಆ ಮುಳ್ಳುಚಮಚ ಎರಡನ್ನೂ ತೆಗೆದರು. ಬಿಳಿ ಬಟ್ಟೆ ಕೊಳೆಯಾದೀತೆಂದು ಮೇಜಿನ ಮೇಲೆ ಇಡಲಿಲ್ಲ. ತಟ್ಟೆಯ ಅಂಚಿಗೆ ಎರಡನ್ನೂ ಜೋಡಿಸಿ ಒಟ್ಟಿಗೆ ಇಟ್ಟರು. ಕೈ ಹಾಕಿದರು. ಕೋಳಿ ಮುರಿದರು, ಆಲೂಗಡ್ಡೆ ಕಲಸಿದರು, ತುತ್ತು ಮಾಡಿ ಬಾಯಿಗಿಟ್ಟರು.

ನನ್ನ ಹೊಟ್ಟೆಯೊಳಗೆ ಹಾಲು ಹೊಯ್ದಂತಾಯಿತು. ಆಯಿತು, ಹುಡುಗಿಯ ಮದುವೆ ಆಯಿತು ಎಂದುಕೊಂಡು ನನ್ನ ಕುರ್ಚಿಗೆ ಬಂದು ಕೂತೆ. ಅಷ್ಟರಲ್ಲಿ ಆ ಮಾಣಿಯ ಕೈ ಹಿಂದಿನಿಂದ ಬಂತು.

ನನ್ನ ಕೂಗಿಗೆ ಹೋಟೆಲಿನ ಯಜಮಾನನೇ ಹೊರಗೆ ಬಂದ, ಹಿಂದೆ ಆ ಮಾಣಿ. ಮೆತ್ತಗಿನ ಮನುಷ್ಯ. "ಕ್ಷಮಿಸಬೇಕು ತಾಯಿ. ಚಾಕು, ಫೋರ್ಕು ಎರಡನ್ನೂ ಪಕ್ಕಪಕ್ಕ ಇಟ್ಟರೆ ಊಟ ಮುಗೀತು ಅಂತ ಅರ್ಥ. ಹುಡುಗನದು ತಪ್ಪಿಲ್ಲ," ಎಂದ.

"ಚಾಕು ಮಾತಾಡ್ತೈತೇನ್ರಿ? ಅವರು ಕೈಯಾಗೆ ಉಣ್ಣಾಕೆ ಅದನ್ನ ಪಕ್ಕಕ್ಕಿಟ್ರು. ಬಾಯಿ ಇತ್ತಲ್ಲ ನಿಮ್ಮ ಹುಡುಗನಿಗೆ, ಕೇಳ್ಬೇಕಿತ್ತು."

"ಇಲ್ಲಿ ಕೇಳೋ ಪದ್ಧತಿ ಇಲ್ಲ ತಾಯಿ. ಇನ್ನೊಂದು ತಟ್ಟೆ ಕೊಡಿಸ್ತೀನಿ."

"ಇನ್ನೊಂದು ಬ್ಯಾಡ. ಅದೇ ಬೇಕು. ತುಪ್ಪ ಬಿದ್ದಿರೋದು ಅದ್ರಾಗೆ!"

ಯಜಮಾನ ತುಪ್ಪವೇ ಎಂದು ಮಾಣಿಯ ಮುಖ ನೋಡಿದ. ಮಾಣಿ ತಲೆ ತಗ್ಗಿಸಿ, "ಅದು ಬಕೆಟ್ಟಿಗೆ ಹೋಯ್ತು ಸಾರ್," ಎಂದ.

ಇಷ್ಟು ಹೊತ್ತೂ ಚಂದ್ರಿ ಜಂಪಣ್ಣನನ್ನೇ ನೋಡುತ್ತಿದ್ದಳು. ಅವನು ಚಾಕುವಿನಿಂದ ಒಂದು ಬಟಾಣಿಯನ್ನು ತಟ್ಟೆಯ ಅತ್ತ ಇತ್ತ ಉರುಳಿಸುತ್ತಿದ್ದ.

ಮೂರ್ತಪ್ಪ ಕೈ ಎತ್ತಿ ಯಜಮಾನನಿಗೆ ಹೇಳಿದ: "ಬಿಡ್ರಿ ಸಾರ್, ಏನೂ ಬ್ಯಾಡ. ನಮ್ಮಮ್ಮಂಗೆ ಹಸಿವಿಲ್ಲ. ಹಳ್ಳಿಯೋರು, ಇವೆಲ್ಲ ತಿಳಿಯಾಕಿಲ್ಲ. ಪುಡಿಂಗ್ ತರ್ಸಿಬಿಡ್ರಿ."

ಹಸಿವಿಲ್ಲವಂತೆ. ತಾಳ್ಯದಿಂದ ಕೋಳಿ ಕೂಗುವಾಗ ಎದ್ದು ಬಂದ ಹೆಂಗಸು.

ನನಗೆ ತಡೆಯಲಾಗಲಿಲ್ಲ. "ಅಕ್ಕ, ನಿಮ್ಮನ್ನೇ ಕೇಳ್ತೀನಿ, ಬ್ಯಾರೆ ಯಾರೂ ಮಾತಾಡ್ಬ್ಯಾಡ್ರಿ. ತುತ್ತು ಬಾಯಿಗಿಟ್ರಿ. ಎಲೆ ಎತ್ತಿದ್ರು. ಈಗ ಇದು ಒಪ್ಪಿಗೆನೋ ಅಲ್ವೋ? ನಂಗೆ ಒಂದೂ ತಿಳೀತಿಲ್ಲ."

ಉಚ್ಚಂಗೆಮ್ಮ ಬಾಯಲ್ಲಿದ್ದ ತುತ್ತನ್ನು ಆಗ ಅಗಿದರು. ನಿಧಾನವಾಗಿ ಅಗಿದು ನುಂಗಿದರು. ಗಾಜಿನ ಲೋಟ ಎತ್ತಿ ನೀರು ಕುಡಿದರು. ಬೆರಳಿಗಂಟಿದ ತುಪ್ಪವನ್ನು ಆ ಬಿಳಿ ಬಟ್ಟೆಗೆ ಒರೆಸಲಿಲ್ಲ, ಸೆರಗಿಗೆ ಒರೆಸಿಕೊಂಡರು.

"ಹುಡುಗಿ ನಂಗೆ ಒಪ್ಪಿಗೆ ಮುದ್ದಕ್ಕ. ನಿಮ್ಮ ಮನೇಗೆ ಬಂದ ದಿನಾನೇ ಒಪ್ಪಿಗೆ ಇತ್ತು. ಅದಕ್ಕೇ ಬ್ಯಾಡ ಅಂತೀನಿ."

"ಅಂದ್ರೆ?"

"ಉಣ್ತಾ ಇದ್ದೋಳ ತಟ್ಟೆ ಎತ್ತಿದ್ರು. ಅಡ್ಡ ಬಂದೋಳು ನೀನು, ಬ್ಯಾರೆ ಮನೆಯೋಳು. ನನ್ನ ಹೊಟ್ಟೇಲಿ ಹುಟ್ಟಿದ ಎರಡ್ರಾಗೆ ಒಂದಾದ್ರೂ 'ತಡಿಯೋ' ಅನ್ಲಿಲ್ಲ. ನಾಳೆ ಈ ಮಗಿನ ಮುಂದಿನ ತಟ್ಟೆ ಎತ್ತಿದ್ರೆ ಯಾರು ತಡಿ ಅಂತಾರವ್ವ? ನಾನಂದ್ರೆ ಕೇಳೋರ್ಯಾರು?"

"ಅಮ್ಮ, ಎಲ್ಲಾರ ಮುಂದೆ ಏನಿದು..." ಎಂದ ಮೂರ್ತಪ್ಪ.

ಅವರು ಎದ್ದು ಮೇಜು ಬಳಸಿ ಬಂದರು. ಚಂದ್ರಿಯ ತಲೆಯ ಮೇಲೆ ಎಡಗೈ ಇಟ್ಟರು. ತುಪ್ಪದ ಕೈ ಅಲ್ಲ, ಇನ್ನೊಂದು. ಬಾಗಿಲಿಗೆ ನಡೆದು ಚಪ್ಪಲಿ ಮೆಟ್ಟಿಕೊಂಡರು. ಚಪ್ಪಲಿಯನ್ನು ಅವರು ಬಾಗಿಲಲ್ಲೇ ಬಿಟ್ಟು ಬಂದಿದ್ದರು, ನಾವೆಲ್ಲ ಹಾಕಿಕೊಂಡೇ ಕೂತಿದ್ದೆವು.

"ಅವ್ವ, ಪುಡಿಂಗ್ ಬರ್ತೈತೆ," ಎಂದ ಜಂಪಣ್ಣ. ಆ ಮಧ್ಯಾಹ್ನ ಅವನ ಬಾಯಿಂದ ಬಂದ ಮಾತು ಅದೊಂದೇ.

ಬಾಗಿಲ ಪರದೆ ಸರಿಯಿತು. ಹೊರಗಿನ ಬಿಸಿಲು ಮೇಜಿನವರೆಗೆ ಬಂದು ಮೇಣದ ಬತ್ತಿಯನ್ನು ಮಂಕು ಮಾಡಿ ಮತ್ತೆ ಹೋಯಿತು.

"ಕೈ ತೊಳ್ಕಂಡ್ ಬರ್ತಾರೆ ಬಿಡ್ರಿ," ಎಂದ ಮೂರ್ತಪ್ಪ. "ಸಿಟ್ಟು ಜಾಸ್ತಿ ಅವರಿಗೆ."

ಪುಡಿಂಗ್ ಬಂತು. ಆರು ತಟ್ಟೆ ಬಂತು, ಅವರ ಖಾಲಿ ಕುರ್ಚಿಯ ಮುಂದೆಯೂ ಒಂದು. ಮಾಣಿ ಇಟ್ಟ ಮೇಲೂ ಆ ಕಂದು ಬಣ್ಣದ ಸಿಹಿ ಸ್ವಲ್ಪ ಹೊತ್ತು ನಡುಗುತ್ತಿತ್ತು. ಯಾರೂ ಚಮಚ ಎತ್ತಲಿಲ್ಲ. ಹಿರಿಯರು ಕೂರದೆ ಹೇಗೆ ಶುರು ಮಾಡುವುದು?

ನಾನು ಕೂತಲ್ಲೇ ಲೆಕ್ಕ ಹಾಕಿದೆ. ತುಪ್ಪ ಬಡಿಸಿದ್ದೆ. ತುತ್ತು ನುಂಗಿದ್ದರು, ನನ್ನ ಕಣ್ಣೆದುರಿಗೇ ನುಂಗಿದ್ದರು. ಹಾಗಾದರೆ ಮಾತು ಆದಂತೆ. ಆದರೆ ಬಾಯಲ್ಲೇ ಬೇಡ ಎಂದರು. ಬೇಡ ಎಂದವರು ತಲೆಯ ಮೇಲೆ ಕೈ ಇಟ್ಟರು. ಸಿಟ್ಟು ಬಂದರೆ ಯಾರ ಮೇಲೆ ಎಂದು ನನಗೆ ಯಾವತ್ತೂ ಗೊತ್ತಿರುತ್ತದೆ. ಅವತ್ತು ಗೊತ್ತಾಗಲಿಲ್ಲ.

"ಅತ್ತೆ," ಎಂದಳು ಚಂದ್ರಿ ಸಣ್ಣಗೆ, "ಅವ್ರು ಬರಾಕಿಲ್ಲ."

ಜಂಪಣ್ಣ ಎದ್ದು ಬಾಗಿಲಿನವರೆಗೆ ಹೋಗಿ, ಕಾವಲಿನವನನ್ನು ಕೇಳಿ ಬಂದ. ಬಸ್ ಸ್ಟ್ಯಾಂಡಿನ ದಾರಿ ಹಿಡಿದು ಹೋದರಂತೆ. ಅವನು ಓಡಿ ಹೋಗಿ ಕರೆತರಲಿಲ್ಲ. ಬಂದು ತನ್ನ ಕುರ್ಚಿಯಲ್ಲೇ ಕೂತ.

ತುಂಬಾ ಹೊತ್ತಾದ ಮೇಲೆ ಮಾಣಿ ಬಂದ. ಖಾಲಿ ಕುರ್ಚಿಯ ಮುಂದಿನ ತಟ್ಟೆಗೆ ಕೈ ಚಾಚಿದವನು ಅಲ್ಲೇ ತಡೆದು ನನ್ನ ಮುಖ ನೋಡಿದ.

"ಎತ್ತಲಾ ಮೇಡಂ?" ಎಂದು ಕೇಳಿದ.

ನಾನು ಎತ್ತು ಎಂದು ತಲೆಯಾಡಿಸಿದೆ.